ಯಶವಂತಪುರದ ಮಣ್ಣಿನಲ್ಲಿ ರೋಮಿನ ಬೆಳ್ಳಿ

ಚಿಕ್ಕಬಾಣಾವರದಲ್ಲಿ ರೈಲುಗಾಡಿಯನ್ನೇರಿ ಬೆಂಗಳೂರಿನತ್ತ ಹೊರಟವರಿಗೆ ಮೊದಲು ಎದುರಾಗುವ ದೊಡ್ಡ ನಿಲ್ದಾಣ ಯಶವಂತಪುರ. ನಿತ್ಯವೂ ಸಹಸ್ರಾರು ಜನ ಇಳಿದು ಹತ್ತುವ ಆ ನೆಲದ ಸಮೀಪದಲ್ಲಿ, 1891ರಲ್ಲಿ, ರೈಲುದಾರಿಗಾಗಿ ದಿಣ್ಣೆಯನ್ನು ಕಡಿಯುತ್ತಿದ್ದಾಗ ಮಣ್ಣಿನ ಕುಡಿಕೆಯೊಂದು ಹೊರಬಿದ್ದು, ಅದರೊಳಗೆ 163 ಬೆಳ್ಳಿಯ ನಾಣ್ಯಗಳು ದೊರೆತುವು. ಅವು ಕ್ರಿಸ್ತಶಕದ ಆದಿಕಾಲದಲ್ಲಿ ರೋಮ್ ಸಾಮ್ರಾಜ್ಯವನ್ನಾಳಿದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ಕಾಲದವು. ಮುಂದೆ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿಯಲ್ಲಿಯೂ ಇಂತಹುದೇ ರಾಶಿಯೊಂದು ದೊರಕಿತು.

ದಕ್ಷಿಣ ಭಾರತದ ಇಂಥ ನಿಕ್ಷೇಪಗಳಲ್ಲಿ ಹೇರಳವಾಗಿ ಕಾಣುವುದು ಟೈಬೀರಿಯಸನ ಡೆನಾರಿಯಸ್ ಎಂಬ ಬೆಳ್ಳಿನಾಣ್ಯ. ನಾಲ್ಕು ಗ್ರಾಮಿಗೆ ತುಸು ಕಡಮೆ ತೂಗುವ ಈ ಬಿಲ್ಲೆಯ ಒಂದು ಮುಖದಲ್ಲಿ ಎಲೆಮಾಲೆ ಧರಿಸಿದ ಚಕ್ರವರ್ತಿಯ ಶಿರಸ್ಸು. ಇನ್ನೊಂದರಲ್ಲಿ ದಂಡವನ್ನೂ ಚಿಗುರುಕೊಂಬೆಯನ್ನೂ ಹಿಡಿದು ಪೀಠಾಸೀನಳಾದ ಸ್ತ್ರೀಮೂರ್ತಿ. ಆಕೆ ರಾಜಮಾತೆ ಲಿವಿಯಾ ಎಂದು ಅನೇಕ ವಿದ್ವಾಂಸರ ಮತ. ಇಂದಿನ ಫ್ರಾನ್ಸಿನ ಲಿಯಾನ್ ನಗರದ ಟಂಕಸಾಲೆಯಲ್ಲಿ ಮುದ್ರಿತವಾಗಿ, ಮುಂಗಾರಿನ ಮಾರುತವನ್ನು ನೆಚ್ಚಿ ಕೆಂಪುಸಮುದ್ರದಿಂದ ಬರುತ್ತಿದ್ದ ಹಡಗುಗಳಲ್ಲಿ ನಮ್ಮ ದೇಶವನ್ನು ಮುಟ್ಟಿ, ಮೆಣಸು, ಮುತ್ತು, ರತ್ನ, ನವುರಾದ ಹತ್ತಿಬಟ್ಟೆಗಳ ಬೆಲೆಯಾಗಿ ಕೈಯಿಂದ ಕೈಗೆ ದಾಟಿ ಅದು ಒಳನಾಡನ್ನು ಸೇರಿತು. ಪ್ರತಿವರ್ಷವೂ ಭಾರತವು ತಮ್ಮಿಂದ 5 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ರೋಮಿನ ಲೇಖಕ ಪ್ಲಿನಿಯು ದೂರಿಕೊಂಡದ್ದು ಈ ವ್ಯಾಪಾರವನ್ನು ಕುರಿತೇ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಡೆನಾರಿಯಸ್ಸಿನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದನು. ನಮ್ಮ ನಿಕ್ಷೇಪಗಳಲ್ಲಿ ಅನಂತರದ ಬೆಳ್ಳಿನಾಣ್ಯಗಳು ವಿರಳವಾಗಿರುವುದನ್ನು ನೋಡಿದರೆ, ಇಲ್ಲಿಯ ವರ್ತಕರೂ ಚಿನಿವಾರರೂ ಪರದೇಶದ ಅರಸನ ಮುದ್ರೆಗಿಂತ ತೂಕಕ್ಕೂ ಒರೆಗೂ ಬೆಲೆಗೊಡುತ್ತಿದ್ದರೆಂದು ತೋರುತ್ತದೆ.

ಟೈಬೀರಿಯಸನ ಈ ನಾಣ್ಯವು ಜಗತ್ತಿನಲ್ಲಿ ದುರ್ಲಭವೇನೂ ಅಲ್ಲ. ದುರ್ಲಭವೆಂದರೆ ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ: ನಾಲ್ಕು ಲಕ್ಷಕ್ಕೂ ಮಿಕ್ಕಿ ಅಚ್ಚಾದರೂ, ಚಿನ್ನವನ್ನು ಚಲಾವಣೆಯಿಂದ ಹಿಂತೆಗೆದುಕೊಂಡ ಸರ್ಕಾರವು ಅವುಗಳಲ್ಲಿ ಬಹುಪಾಲನ್ನು ಕರಗಿಸಿಬಿಟ್ಟುದರಿಂದ, ಉಳಿದವುಗಳಲ್ಲೊಂದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು. ಆ ಬೆಲೆಯು ಸಂಖ್ಯೆಯ ಅಲ್ಪತೆಯಿಂದ ಬಂದದ್ದು. ಯಶವಂತಪುರದ ನಾಣ್ಯದ ಬೆಲೆಯಾದರೋ ಅದು ದೊರೆತ ಸ್ಥಳದಿಂದ ಬಂದದ್ದು. ಅದನ್ನು ಕುಡಿಕೆಯಿಂದ ಬೇರ್ಪಡಿಸಿ, ಸಿಕ್ಕ ಎಡೆಯನ್ನು ಮರೆಸಿ ಮಾರಿದರೆ, ಎರಡು ಸಾವಿರ ವರ್ಷಗಳ ಹಿಂದೆ ಈ ಪ್ರಸ್ಥಭೂಮಿಯು ರೋಮಿನ ವಾಣಿಜ್ಯದ ಬಲೆಯೊಳಗಿತ್ತೆಂಬ ಸಾಕ್ಷ್ಯವು ಅಳಿದು, ಕೈಯಲ್ಲಿ ಉಳಿಯುವುದು ಅಂಗೈಯಗಲವೂ ಇಲ್ಲದ ಬೆಳ್ಳಿ.

ಹೂತಿಟ್ಟವನು ಮರಳಿ ಬಂದಿದ್ದರೆ ನಿಕ್ಷೇಪವೇ ಇರುತ್ತಿರಲಿಲ್ಲ. ಯಶವಂತಪುರದ ಕುಡಿಕೆಯು ಹೊರಬಂದ ಕಾಲದ ಆಸುಪಾಸಿನಲ್ಲಿಯೇ ಕ್ಯಾಲಿಫೋರ್ನಿಯದಲ್ಲಿ ಯಾರೋ ತಗಡಿನ ಡಬ್ಬಿಗಳಲ್ಲಿ ಚಿನ್ನವನ್ನು ಹೂಳುತ್ತಿದ್ದಿರಬೇಕು. ಏಕೆಂದರೆ 2013ರಲ್ಲಿ ನಾಯಿಯೊಡನೆ ತಿರುಗಾಡಲು ಹೊರಟ ದಂಪತಿಗಳಿಗೆ ಸಿಕ್ಕ ಅಲ್ಲಿಯ 1,427 ನಾಣ್ಯಗಳು 1847ರಿಂದ 1894ರವರೆಗಿನವು.

ನಮ್ಮ ಶಾಸನಗಳಲ್ಲಿ ಭೂಮಿಯನ್ನು ದತ್ತಿ ಕೊಡುವಾಗ ಎಂಟು ಬಗೆಯ ಹಕ್ಕುಗಳ ಪಟ್ಟಿಯಲ್ಲಿ ನಿಧಿ, ನಿಕ್ಷೇಪಗಳನ್ನೇ ಮೊದಲು ಹೇಳುವುದುಂಟು. ಇಂದು ಆ ವಿಷಯವನ್ನು 1962ರ ಕರ್ನಾಟಕದ ಕಾಯಿದೆಯು ನಿಯಂತ್ರಿಸುತ್ತದೆ. ನಿಧಿ ಕಂಡವನು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಇಷ್ಟಾದರೂ ಸರ್ಪಗಾವಲಿನ ಕಥೆಗಳನ್ನು ನಂಬಿ ಪಾಳುಗುಡಿಗಳ ಗರ್ಭಗೃಹವನ್ನು ಅಗೆಯುವ, ವೀರಗಲ್ಲುಗಳನ್ನು ಕೆಡಹುವ ನಿಧಿಗಳ್ಳರ ಸುದ್ದಿ ನಿಂತಿಲ್ಲ. ಮನೆಯ ಪಾಯ ತೆಗೆಯುವಾಗಲೋ ಹೊಲ ಉಳುವಾಗಲೋ ಕುಡಿಕೆಯೊಂದು ಸಿಕ್ಕರೆ, ನಾಣ್ಯಗಳನ್ನು ತಿಕ್ಕಿ ತೊಳೆಯದೆ, ಹಂಚಿಕೊಳ್ಳದೆ, ಮಡಕೆಯ ಚೂರನ್ನೂ ಎಸೆಯದೆ ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಪಾಲನೆಯಷ್ಟೇ ಅಲ್ಲದೆ, ಊರಿನ ಚರಿತ್ರೆಗೆ ಸಲ್ಲುವ ಸೇವೆಯೂ ಹೌದು.