ಗುಜರಿಯಿಂದ ಬಂದ ಗೊಂಬೆಮನೆ

ದಸರೆಗೆ ಇನ್ನೂ ಎರಡು ತಿಂಗಳಿತ್ತು. ಹಳೇ ಪೇಪರ್ ಹಾಕಲು ಗುಜರಿ ಅಂಗಡಿಗೆ ಹೋದಾಗ ಮೊಮ್ಮಗಳ ಕಣ್ಣಿಗೆ ಬಿದ್ದದ್ದು ಈ ಮರದ ಗೊಂಬೆಮನೆ. ಎರಡು ಅಂತಸ್ತು, ನಾಲ್ಕು ಕೋಣೆ, ಮುರಿದ ಮೆಟ್ಟಿಲು, ಒಂದೇ ಕೀಲಿನಲ್ಲಿ ಜೋತಾಡುವ ಬಾಗಿಲು. ಪೇಪರ್ ಮಾರಿದ ದುಡ್ಡಿಗೆ 150 ರೂಪಾಯಿ ಸೇರಿಸಿ ಕೊಟ್ಟು, ಆಟೋದಲ್ಲಿ ಮನೆಗೆ ತಂದೆವು.

ಮೊದಲ ತಪ್ಪು ನನ್ನದೇ. ನಡುಮನೆಯಲ್ಲಿ ಕೂತು ಸ್ಯಾಂಡ್ ಪೇಪರ್ ಹಿಡಿದು ಹಳೆಯ ಹಸಿರು ಬಣ್ಣವನ್ನು ಗಸಗಸ ಉಜ್ಜತೊಡಗಿದೆ. ಮೊಮ್ಮಗಳು ಪಕ್ಕದಲ್ಲೇ ಕೂತು ಆ ಪುಡಿಯನ್ನು ಉಫ್ ಎಂದು ಊದುತ್ತಿದ್ದಳು.

"ರೀ, ನಿಲ್ಲಿಸಿ! ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಮಗೂನ ಆ ಕಡೆ ಕಳಿಸಿ" ಎಂದು ಅವಳ ಅಜ್ಜಿ ಅಡುಗೆಮನೆಯಿಂದ ಓಡಿ ಬಂದಳು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದವಳು ಅವಳು.

ಅವಳು ಹೇಳಿದ್ದು ಸರಿ. ಬಣ್ಣ ಬೇಗ ಒಣಗಲಿ, ಬಾಳಿಕೆ ಬರಲಿ ಎಂದು ಹಿಂದೆ ಅದಕ್ಕೆ ಸೀಸ ಬೆರೆಸುತ್ತಿದ್ದರು. ಸೀಸದ ಪುಡಿ ಮೈ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಳೆಯ ಆಟಿಕೆಯನ್ನು ಒಣದಾಗಿ ಉಜ್ಜಲೇಬಾರದು. ಆಮೇಲೆ ನಾನೊಬ್ಬನೇ ಹಿತ್ತಲಲ್ಲಿ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ನೆನೆಸಿ ನೆನೆಸಿ ಉಜ್ಜಿದೆ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಟ್ಟೆ.

ಮನೆ ಒಣಗಿದ ಮೇಲೆ ಮೊಮ್ಮಗಳ ಪಾಳಿ. ಮರದ ಪುಡಿಗೆ ಫೆವಿಕಾಲ್ ಕಲಸಿ ಹುಳ ಕೊರೆದ ತೂತುಗಳನ್ನು ಮುಚ್ಚಿದಳು. ಮುರಿದ ಮೆಟ್ಟಿಲಿಗೆ ಅಂಟು ಹಚ್ಚಿ, ರಾತ್ರಿಯಿಡೀ ರಬ್ಬರ್ ಬ್ಯಾಂಡ್ ಬಿಗಿದಿಟ್ಟೆವು.

ಕೆಳಗಿನ ಕೋಣೆಯ ಗೋಡೆಗೆ ಯಾರೋ ಕ್ಯಾಲೆಂಡರ್ ಕಾಗದ ಅಂಟಿಸಿದ್ದರು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಬಿಡಿಸಿದಾಗ ಬರೀ ಮರದ ಮೇಲೆ ಪೆನ್ಸಿಲಿನ ಗುರುತುಗಳು ಕಂಡವು. ಐದಾರು ಗೆರೆ, ಎಲ್ಲವೂ ಒಂದರ ಮೇಲೊಂದು, ಒಂದೇ ಎತ್ತರದಲ್ಲಿ. ನನಗೇನೂ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು.

"ತಾತ, ನೀನು ಬಾಗಿಲ ಹತ್ರ ನನ್ನ ಎತ್ತರ ಗುರುತು ಹಾಕ್ತೀಯಲ್ಲ, ಹಾಗೇ ಇದು! ಆದರೆ ಪಾಪ, ಗೊಂಬೆ ಬೆಳೀಲೇ ಇಲ್ಲ."

ಆ ಗೋಡೆಗೆ ಬಣ್ಣ ಬೇಡ ಎಂದು ಹಟ ಹಿಡಿದಳು. ನಾನು ಬಣ್ಣ ತಂದಾಗಿತ್ತು, ಆದರೂ ಒಪ್ಪಿದೆ. ಆ ಗೆರೆಯೇ ನಮಗೆ ಅಳತೆಗೋಲೂ ಆಯಿತು. ನೆಲದಿಂದ ಸರಿಯಾಗಿ 5 ಅಂಗುಲ! ಗೊಂಬೆಮನೆ ಕಟ್ಟುವವರು ಸಾಮಾನ್ಯವಾಗಿ ಒಂದು ಅಡಿಗೆ ಒಂದು ಅಂಗುಲ ಎಂದು ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನ ರಾಣಿ ಮೇರಿಗಾಗಿ 1924ರಲ್ಲಿ ಮುಗಿಸಿದ ಹೆಸರಾಂತ ಗೊಂಬೆಮನೆಗೂ ಇದೇ ಅಳತೆ. ಅದರ ನಲ್ಲಿಯಲ್ಲಿ ನೀರೂ ಬರುತ್ತದೆ! ನಮ್ಮ ಮನೆಯಲ್ಲಿದ್ದ ಗೊಂಬೆ ಹಾಗಾದರೆ ಐದಡಿಯ ಹೆಂಗಸು. ಮಕ್ಕಳೇ, ನೀವೇ ಲೆಕ್ಕ ಹಾಕಿ: 30 ಅಂಗುಲದ ಮೇಜು ಇಲ್ಲಿ ಎಷ್ಟಾಗಬೇಕು? ಎರಡೂವರೆ ಅಂಗುಲ. ಹೀಗೆ ಅಳೆದು ಮೇಜು ಮಾಡಿದೆವು. ಬೆಂಕಿಪೊಟ್ಟಣಗಳನ್ನು ಪೇರಿಸಿ ಅಂಟಿಸಿ ಖಾನೆಗಳ ಬೀರು, ಅಜ್ಜಿಯ ರವಿಕೆ ತುಂಡಿನಿಂದ ಪರದೆ.

ಮಹಾನವಮಿಯ ಪಟ್ಟದ ಗೊಂಬೆಗಳು ಈ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಚನ್ನಪಟ್ಟಣದಿಂದ ಆಲೆ ಮರದ ಒಂದು ಪುಟ್ಟ ಗೊಂಬೆ ತಂದೆವು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ, ಉಜ್ಜುವ ಬಿಸಿಗೇ ಕರಗಿ ಹತ್ತಿಕೊಂಡ ಹೊಳಪು ಅದರದು.

ಮೊಮ್ಮಗಳು ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲಿನಿಂದ ಹೊಸ ಗೆರೆ ಎಳೆದಳು. ಹಳೆಯ ಗೆರೆಗಿಂತ ಒಂದು ಅಂಗುಲ ಕೆಳಗೆ.

"ಇದಿನ್ನೂ ಚಿಕ್ಕದು ತಾತ. ಮುಂದಿನ ದಸರೆಗೆ ನೋಡೋಣ."