ಮಾತು ಬಾರದ ಮಕ್ಕಳ ಹಲಗೆಯಲ್ಲಿ ಕನ್ನಡವೂ ಇರಲಿ



ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ಕೈಕಾಲುಗಳಂತೆಯೇ ನಾಲಿಗೆ, ತುಟಿಗಳೂ ಹಿಡಿತಕ್ಕೆ ಸಿಗುವುದಿಲ್ಲ. ಮಾತು ಹೊರಡದಿದ್ದರೂ ಕೇಳಿದ್ದು ಅರ್ಥವಾಗುತ್ತಿರಬಹುದು. ಇಂಥವರಿಗೆ ಚಿತ್ರಗಳ ಹಲಗೆ ಮಾಡಿಕೊಡುವುದುಂಟು. ಮಗು ಬೆರಳಿನಿಂದಲೋ ಕಣ್ಣೋಟದಿಂದಲೋ ಚಿತ್ರ ತೋರಿಸುತ್ತದೆ. ಹಲಗೆ ಕೊಟ್ಟರೆ ಬರುವ ಮಾತೂ ನಿಂತೀತೆಂಬ ಹೆದರಿಕೆಗೆ ಆಧಾರವಿಲ್ಲ.

ಸಂವಹನಕ್ಕೆ ನಾಲ್ಕು ಉದ್ದೇಶಗಳೆಂದು ಜಾನಿಸ್ ಲೈಟ್ ಎಂಬ ತಜ್ಞೆ 1988ರಲ್ಲಿ ಬರೆದರು: ಬೇಕು-ಬೇಡ ಹೇಳುವುದು, ವಿಷಯ ತಿಳಿಸುವುದು, ಆತ್ಮೀಯತೆ ಬೆಳೆಸುವುದು, ಶಿಷ್ಟಾಚಾರ ಪಾಲಿಸುವುದು. ಹಲಗೆಯಲ್ಲಿ ನೀರು, ಊಟ, ಬಚ್ಚಲು ಮಾತ್ರ ಇದ್ದರೆ ಮೊದಲನೆಯದಷ್ಟೇ ನಡೆಯುತ್ತದೆ. ಅಷ್ಟರಿಂದ ಗೆಳೆತನ ಆಗುವುದಿಲ್ಲ. ‘ಆಮೇಲೇನಾಯ್ತು?’, ‘ಸುಳ್ಳು ಹೇಳ್ಬೇಡ!’, ‘ಈಗ ನನ್ನ ಸರದಿ’, ‘ನೀನೂ ಬಾ’ ಇವೂ ಬೇಕು. ಚೇಷ್ಟೆ ಮಾಡಲು, ಜಗಳವಾಡಲು ಶಬ್ದವಿಲ್ಲದ ಮಗುವಿನೊಡನೆ ಓರಗೆಯವರು ಎಷ್ಟು ಹೊತ್ತು ಕೂತಾರು?

ನಮ್ಮ ಗಡಿಯೂರುಗಳಲ್ಲಿ ಇನ್ನೊಂದು ತೊಡಕಿದೆ. ಶಾಲೆಯ ಹಲಗೆ ಹೊಸೂರಿನಲ್ಲಿ ತಮಿಳಿನಲ್ಲಿರಬಹುದು, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿರಬಹುದು. ಮನೆಯಲ್ಲಿ ಅಜ್ಜಿಗೆ ಆ ಅಕ್ಷರ ಓದಲು ಬಾರದಿದ್ದರೆ ಹಲಗೆ ಚೀಲದಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ಎರಡೂ ಲಿಪಿ ಬರೆಯಿರಿ. ಕನ್ನಡವೂ ಪುಸ್ತಕದ್ದಲ್ಲ, ಮನೆಯದಾಗಿರಲಿ: ಕಾಸರಗೋಡಿನ ಮಗುವಿಗೆ ‘ಮಾರಾಯ’, ಜತ್ತದ ಮಗುವಿಗೆ ‘ಯವ್ವಾ’. ರಟ್ಟು, ಚಿತ್ರ, ಲ್ಯಾಮಿನೇಷನ್ ಸಾಕು. ದುಬಾರಿ ಯಂತ್ರಕ್ಕಾಗಿ ಕಾಯಬೇಕಿಲ್ಲ.

ಎದುರಿನವರು ಕಲಿಯಬೇಕಾದದ್ದೂ ಕಡಿಮೆಯೇನಲ್ಲ. ಜೊತೆಗಿರುವ ತಾಯಿಯನ್ನಲ್ಲ, ಮಗುವನ್ನೇ ನೋಡಿ ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಬೆರಳು ಚಿತ್ರ ಮುಟ್ಟಲು ಹೊತ್ತು ಹಿಡಿಯುತ್ತದೆ. ನಮ್ಮವರಿಗೆ ಇದೇ ಕಷ್ಟ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಹೌದು-ಇಲ್ಲ ಎಂಬ ಪ್ರಶ್ನೆಗಳನ್ನೇ ಕೇಳುತ್ತ ಹೋದರೆ ಅದು ವಿಚಾರಣೆಯಾಗುತ್ತದೆ, ಹರಟೆಯಾಗುವುದಿಲ್ಲ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಕಲಂ 17, ಮಾತಿನ ತೊಂದರೆಯುಳ್ಳವರ ಶಿಕ್ಷಣದಲ್ಲಿ ಇಂಥ ಪರ್ಯಾಯ ಸಂವಹನ ವಿಧಾನಗಳನ್ನು ಉತ್ತೇಜಿಸಬೇಕೆನ್ನುತ್ತದೆ. ಶಾಲೆಗೆ ಅರ್ಜಿ ಕೊಡುವಾಗ ಇದನ್ನು ಉಲ್ಲೇಖಿಸಿ. ಕಲಂ ನಮೂದಿಸಿದ ಅರ್ಜಿಯನ್ನು ಗುಮಾಸ್ತರು ಪಕ್ಕಕ್ಕಿಡಲು ಹಿಂಜರಿಯುತ್ತಾರೆ, ಇದು ಸ್ವಾನುಭವ.

ರಾಜ್ಯೋತ್ಸವದ ಮಕ್ಕಳ ನಾಟಕದಲ್ಲಿ ಇಂಥ ಮಗುವಿಗೂ ಒಂದು ಪಾತ್ರವಿರಲಿ. ಓರಗೆಯ ಮಗುವಿನ ದನಿಯಲ್ಲಿ ಮೊಬೈಲಿಗೆ ಸಂಭಾಷಣೆ ತುಂಬಿಸಿಟ್ಟರೆ ಸರದಿ ಬಂದಾಗ ತಾನೇ ಒತ್ತಿ ನುಡಿಸಬಹುದು. ಹೆಸರು ಕೊಡುವಾಗ ಮಗು ಹೌದು-ಇಲ್ಲ ಹೇಗೆ ತಿಳಿಸುತ್ತದೆ ಎಂಬುದನ್ನೂ ಪಾಲಕರು ಬರೆದು ಕಳಿಸಬೇಕಾಗಿ ಕೋರುತ್ತೇವೆ.

– ಕಾರ್ಯದರ್ಶಿ