ನಿಮಗಿದು ಗೊತ್ತೇ? ಅರಮನೆಯ ಚಿತ್ರಗಾರರು

ಚಿಕ್ಕಯ್ಯನಛತ್ರದವರು ಹತ್ತಿರದ ನಂಜನಗೂಡಿನ ನಂಜುಂಡೇಶ್ವರನ ಗುಡಿಗೆ ಎಷ್ಟು ಸಲ ಹೋಗಿರುತ್ತಾರೋ! ಆದರೆ ಅಲ್ಲಿರುವ 32 ಬಗೆಯ ಗಣಪತಿಗಳನ್ನು ನಿಂತು ನೋಡಿದವರೆಷ್ಟು? ಅದೇ 32 ರೂಪಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಚಿತ್ರಗಾರರು ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಬಣ್ಣದಲ್ಲಿ ಬರೆದಿದ್ದಾರೆ. ಇಂಥದೇ ಇನ್ನೊಂದು ಗಣಪತಿ ಸಾಲು ಚಾಮರಾಜನಗರದ ಗುಡಿಯಲ್ಲಿದೆ.

ಗ್ರಂಥದಲ್ಲಿ ಒಂಬತ್ತು ‘ನಿಧಿ’ಗಳು. ದೇವರು ಮಾತ್ರ ಅಂದುಕೊಳ್ಳಬೇಡಿ. ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ, ಗಂಜೀಫಾ ಎಲೆಯಾಟಗಳೂ ಇವೆ. ಒಂದು ಆಟಕ್ಕೆ ಬೇಕಾಗುವುದು ಬರೋಬ್ಬರಿ 360 ಎಲೆ! ಕೈಯಲ್ಲಿ ಹಿಡಿಯುತ್ತಿದ್ದರಾದರೂ ಹೇಗೋ.

ಇಷ್ಟೆಲ್ಲ ಬರೆದವರ ಸಹಿ ಹುಡುಕಿದರೆ ಸಿಗುವುದು ಅಪರೂಪ. ಕೆಲಸದ ಕ್ರಮ ಮಾತ್ರ ಉಳಿದುಬಂದಿದೆ: ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ, ಅಳಿಲಿನ ಕೂದಲಿನ ಸಣ್ಣ ಕುಂಚ, ಒಡವೆ-ಕಿರೀಟ ಬರುವ ಕಡೆ ಸಫೇದ ಎಂಬ ಬಿಳಿ ಪುಡಿ, ಗೋಂದು ಕಲಸಿದ ತೆಳು ಉಬ್ಬು, ಅದರ ಮೇಲೆ ಚಿನ್ನದ ರೇಕು. ಕೊನೆಗೆ ತೆಳುವಾದ ಕಾಗದ ಹೊದಿಸಿ ನುಣ್ಣನೆ ಕಲ್ಲಿನಿಂದ ಉಜ್ಜಿದರೆ ಹೊಳಪು. ತಂಜಾವೂರಿನ ಚಿತ್ರದ ಉಬ್ಬು ದಪ್ಪ; ಮೈಸೂರಿನದು ಬೆರಳಿಗೆ ತಾಗಿಯೂ ತಾಗದಂತೆ. ನನ್ನ ಮತ ಮೈಸೂರಿಗೇ.

ಹೆಸರು ಉಳಿದವರೂ ಇದ್ದಾರೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಯ ಮೇಲಿನ ದಸರಾ ಮೆರವಣಿಗೆಯನ್ನು ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದರು. ಕೆಲಸ ಹಿಡಿದದ್ದು 1934ರಿಂದ 1945ರವರೆಗೆ. ವೈ. ನಾಗರಾಜು, ಎಸ್.ಎನ್. ಸ್ವಾಮಿ, ಕೇಶವಯ್ಯ ಮುಂತಾದವರ ಕೈಚಳಕ ಅದು.

ಅರಮನೆ ಚಿತ್ರಗಾರರ ಮನೆತನದಲ್ಲೇ ಹುಟ್ಟಿದ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಚಿತ್ರಕಲೆ ಕಲಿಯಲು ಕಲ್ಕತ್ತೆಗೆ ಕಳಿಸಿದರು. ಅವನೀಂದ್ರನಾಥ ಠಾಕೂರರು ಗುರು, ನಂದಲಾಲ್ ಬೋಸ್ ಜೊತೆಗಾರ. ಸಿಸ್ಟರ್ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ಈ ಮೈಸೂರು ಹುಡುಗನ ಚಿತ್ರಗಳೂ ಇದ್ದವು.

ಊರಿಗೆ ಮರಳಿ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯಲು ಕೂತರು. ಹುಚ್ಚು ಎಷ್ಟಿತ್ತೆಂದರೆ ವೀಣೆಯ ಹುಚ್ಚನ್ನೇ 1926ರಲ್ಲಿ ಚಿತ್ರವಾಗಿಸಿದರು! ಅದೇ ಕಾಲಕ್ಕೆ ಊಟಿಯ ಮಂಜು, ಕೆರೆ, ಗುಡ್ಡಗಳ ಜಲವರ್ಣಗಳು. ದಂತದ ಮೇಲೆ ಪುಟ್ಟ ಭಾವಚಿತ್ರ, ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪ. ಮದುವೆಯ ಗೋಜಿಗೆ ಹೋಗಲಿಲ್ಲ.

ಸ್ವಭಾವ ಮಾತ್ರ ಖಡಕ್. ಮಾಡಿದ ಕೆಲಸದ ಸಂಭಾವನೆಗಾಗಿ ಅರಮನೆಯೊಡನೆಯೇ ಕೋರ್ಟಿನವರೆಗೆ ಹೋದ ಆಸ್ಥಾನ ಕಲಾವಿದ ಇವರು. 1965ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ನೋಡಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಹೋಗಬೇಕು. ವೆಂಕಟಪ್ಪ ಚಿತ್ರಶಾಲೆ ಇರುವುದು ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ.